ಬಲಿಪೀಠ ಎಲ್ಲಿ ಹೋಯಿತು? ಟ್ಯೂಡರ್ ಕಾಲದ ಧರ್ಮಬದಲಾವಣೆಯನ್ನು ಊರ ಚರ್ಚಿನ ಲೆಕ್ಕದಲ್ಲಿ ಓದುವ ಬಗೆ

16ನೇ ಶತಮಾನದ ಇಂಗ್ಲೆಂಡನ್ನು ಆಳಿದ ಟ್ಯೂಡರ್ ವಂಶದ ಎಂಟನೇ ಹೆನ್ರಿ ಪೋಪ್‌ನ ಹಂಗು ಹರಿದುಕೊಂಡ, ಎಡ್ವರ್ಡ್ ಪ್ರೊಟೆಸ್ಟೆಂಟ್ ಮಾಡಿದ, ಮೇರಿ ಮತ್ತೆ ಕ್ಯಾಥೊಲಿಕ್ ಮಾಡಿದಳು, ಎಲಿಜಬೆತ್ ನಡುದಾರಿ ಹಿಡಿದಳು. ಪದವಿ ತರಗತಿಯ ನೋಟ್ಸಿನಲ್ಲಿ ಇರುವುದು ಹೆಚ್ಚುಕಡಿಮೆ ಇಷ್ಟೇ. ಇದನ್ನು ಬಾಯಿಪಾಠ ಮಾಡಿದವರಿಗೆ 1549 ಯಾವುದು, 1552 ಯಾವುದು, 1559 ಯಾವುದು ಎಂಬುದು ಪರೀಕ್ಷೆ ಮುಗಿದ ವಾರಕ್ಕೇ ಕಲಸುಮೇಲೋಗರವಾಗುತ್ತದೆ. ತಪ್ಪು ಅವರದಲ್ಲ. 1547ರಿಂದ 1559ರವರೆಗಿನ ಹನ್ನೆರಡೇ ವರ್ಷದಲ್ಲಿ ಇಂಗ್ಲೆಂಡಿನ ಆರಾಧನೆಯ ಕಾನೂನು ಮೂರು ಸಲ ಮಗುಚಿ ಬಿತ್ತು.

ಕಾಯಿದೆಗಳ ಪಟ್ಟಿ ಬಿಟ್ಟು ಒಂದು ಊರು, ಒಂದು ವಸ್ತು ಹಿಡಿದುಕೊಳ್ಳುವುದು ಇದಕ್ಕಿಂತ ಒಳ್ಳೆಯ ದಾರಿ. ವಸ್ತು ಬಲಿಪೀಠವೇ ಆಗಲಿ. ಬಲಿಪೂಜೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಕ್ರಿಸ್ತನ ಶರೀರ, ರಕ್ತವೇ ಆಗುತ್ತವೆ, ಅಲ್ಲಿ ಬಲಿ ಅರ್ಪಿತವಾಗುತ್ತದೆ ಎಂದು ನಂಬುವವರಿಗೆ ಕಲ್ಲಿನ ಪೀಠ ಬೇಕು. ಅದು ಪ್ರಭುವಿನ ಭೋಜನ, ಬಲಿ ಒಮ್ಮೆಗೇ ಆಗಿಹೋಗಿದೆ ಎನ್ನುವವರಿಗೆ ಮರದ ಮೇಜು ಸಾಕು. ಹಾಗಾಗಿ ಕಲ್ಲು ಹೋಗಿ ಮೇಜು ಬಂದಾಗ, ಮೇಜು ಹೋಗಿ ಕಲ್ಲು ಬಂದಾಗ ದೇವಶಾಸ್ತ್ರದ ದೊಡ್ಡ ಜಗಳವೊಂದು ಊರಿನ ಖರ್ಚಿನ ಪುಸ್ತಕಕ್ಕೆ ಇಳಿಯುತ್ತದೆ. ಕೆಡವಿದವನ ಕೂಲಿ, ಸುಣ್ಣದ ಬೆಲೆ, ಗಾಡಿಯ ಬಾಡಿಗೆ ಎಲ್ಲವನ್ನೂ ಯಾರೋ ಬರೆದಿಟ್ಟಿದ್ದಾರೆ.

ಬೆಂಗಳೂರು ಅಥವಾ ಮಂಗಳೂರಿನ ಚರ್ಚುಗಳನ್ನು ನೋಡಿ ಅಭ್ಯಾಸವಿದ್ದವರಿಗೆ ಒಂದು ಎಚ್ಚರಿಕೆ. ಇಂದು ಕ್ಯಾಥೊಲಿಕ್ ಗುರುಗಳು ಜನರ ಕಡೆ ಮುಖಮಾಡಿ, ಕನ್ನಡದಲ್ಲೋ ಕೊಂಕಣಿಯಲ್ಲೋ ಬಲಿಪೂಜೆ ಮಾಡುತ್ತಾರೆ. ಅದು 1962–65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರದ ರೂಢಿ. 1530ರ ಇಂಗ್ಲೆಂಡಿನಲ್ಲಿ ಪಾದ್ರಿ ಜನರಿಗೆ ಬೆನ್ನು ಮಾಡಿ, ಪೂರ್ವದ ಗೋಡೆಗೆ ಹತ್ತಿದ ಪೀಠದ ಮುಂದೆ ಲ್ಯಾಟಿನ್‌ನಲ್ಲಿ ಹೇಳುತ್ತಿದ್ದ. ಈ ಚಿತ್ರ ತಲೆಯಲ್ಲಿ ಕೂರದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಮೊದಲ ಕೆಲಸ: ಕಾಲದ ಪಟ್ಟಿ

ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು ಪಕ್ಕದಲ್ಲಿಟ್ಟುಕೊಳ್ಳಿ.

ಎಂಟನೇ ಹೆನ್ರಿ: 22 ಏಪ್ರಿಲ್ 1509ರಿಂದ 28 ಜನವರಿ 1547
ಆರನೇ ಎಡ್ವರ್ಡ್: 28 ಜನವರಿ 1547ರಿಂದ 6 ಜುಲೈ 1553
ಜೇನ್: 10ರಿಂದ 19 ಜುಲೈ 1553
ಮೇರಿ: 19 ಜುಲೈ 1553ರಿಂದ 17 ನವೆಂಬರ್ 1558
ಎಲಿಜಬೆತ್: 17 ನವೆಂಬರ್ 1558ರಿಂದ 24 ಮಾರ್ಚ್ 1603

ಇದರ ಕೆಳಗೆ ಮೂರು ಬಲೆಗಳನ್ನು ಗುರುತುಹಾಕಿ. ಹೊಸಬರು ಬೀಳುವುದು ಇಲ್ಲಿಯೇ.

ಆಗಿನ ಇಂಗ್ಲೆಂಡಿನಲ್ಲಿ ಇಸವಿ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ದಾಖಲೆಯಲ್ಲಿ "10 ಫೆಬ್ರವರಿ 1553" ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1554. ಒಂದು ವರ್ಷ ಜಾರಿದರೆ ಎಡ್ವರ್ಡ್‌ನ ಕಾಲದ ಖರ್ಚು ಎಂದುಕೊಂಡದ್ದು ಮೇರಿಯ ಕಾಲದ್ದಾಗಿರುತ್ತದೆ, ಅರ್ಥವೇ ತಿರುವುಮುರುವು.

ಎರಡನೆಯದು ಆಳ್ವಿಕೆಯ ವರ್ಷ. ಎಡ್ವರ್ಡ್‌ನ 3ನೇ ವರ್ಷವೆಂದರೆ 28 ಜನವರಿ 1549ರಿಂದ 27 ಜನವರಿ 1550. ಎಲಿಜಬೆತಳ 5ನೇ ವರ್ಷವೆಂದರೆ 17 ನವೆಂಬರ್ 1562ರಿಂದ 16 ನವೆಂಬರ್ 1563. ಪಟ್ಟಕ್ಕೆ ಬಂದ ವರ್ಷಕ್ಕೆ, ಆಳ್ವಿಕೆಯ ವರ್ಷದಿಂದ ಒಂದು ಕಳೆದು ಕೂಡಿಸಿದರೆ ಆಯಿತು. ಮೇರಿಯದು ಮಾತ್ರ ತಂಟೆ. ಎಡ್ವರ್ಡ್ ಸತ್ತ ಮೇಲೆ ಕೆಲವೇ ದಿನ ಪಟ್ಟದಲ್ಲಿದ್ದ ಜೇನ್ ರಾಣಿಯೇ ಅಲ್ಲ ಎಂದು ತೋರಿಸಲು, ಎಡ್ವರ್ಡ್ ಸತ್ತ ದಿನಕ್ಕೆ ಹೊಂದಿಸಿ, ಎರಡನೇ ವರ್ಷವನ್ನು 6 ಜುಲೈ 1554ರಿಂದ ಎಣಿಸಿದರು. 25 ಜುಲೈ 1554ರಂದು ಸ್ಪೇನಿನ ಫಿಲಿಪ್‌ನನ್ನು ಮದುವೆಯಾದ ಮೇಲೆ "ಫಿಲಿಪ್ ಮತ್ತು ಮೇರಿ, 1 ಮತ್ತು 2" ಎಂದು ಜೋಡಿ ಸಂಖ್ಯೆ ಶುರುವಾಗುತ್ತದೆ. ಜೋಡಿ ಸಂಖ್ಯೆ ಕಂಡರೆ ಅದು ಮೇರಿಯ ಕಾಲವೇ, ಅನುಮಾನ ಬೇಡ.

ಮೂರನೆಯದು ಊರಿನದೇ ಲೆಕ್ಕದ ವರ್ಷ. ಕೆಲವು ಕಡೆ ಈಸ್ಟರ್‌ನಿಂದ ಈಸ್ಟರ್‌ಗೆ, ಕೆಲವು ಕಡೆ ಸೆಪ್ಟೆಂಬರ್ 29ರ ಮೈಕೆಲ್‌ಮಸ್ ಹಬ್ಬದಿಂದ. "1553ರ ಲೆಕ್ಕ" ಎಂಬ ತಲೆಬರಹದ ಕೆಳಗೆ ಇಬ್ಬರು ಅರಸರ ಖರ್ಚು ಒಟ್ಟಿಗೆ ಇರಬಹುದು. ಸಾಲುಗಳ ಕ್ರಮವೇ ಅಲ್ಲಿ ದಾರಿದೀಪ: ಮೊದಲು ಬರೆದದ್ದು ಸಾಮಾನ್ಯವಾಗಿ ಮೊದಲು ಆದದ್ದು.

ಹಣದ ಲೆಕ್ಕ ಸುಲಭ. 1 ಪೌಂಡ್‌ಗೆ 20 ಶಿಲ್ಲಿಂಗ್, 1 ಶಿಲ್ಲಿಂಗ್‌ಗೆ 12 ಪೆನ್ಸ್. ನಡುವೆ ಮಾರ್ಕ್ ಎಂದು ಬಂದರೆ 13 ಶಿಲ್ಲಿಂಗ್ 4 ಪೆನ್ಸ್, ನೋಬಲ್ ಎಂದರೆ ಅದರ ಅರ್ಧ. ಅಂಕಿಗಳು ರೋಮನ್, ಕೊನೆಯ ಐ ಅಕ್ಷರಕ್ಕೆ ಬಾಲ ಎಳೆದು ಜೆ ಮಾಡಿರುತ್ತಾರೆ. ಎಲ್ಲವನ್ನೂ ಪೆನ್ಸ್‌ಗೆ ಇಳಿಸಿ ಬರೆದುಕೊಂಡರೆ ಹೋಲಿಸುವುದು ಹಗುರ.

ಊರು ಆರಿಸುವುದು

ಪ್ರತಿ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಊರಿನಲ್ಲಿ, ಸಾಮಾನ್ಯವಾಗಿ ಇಬ್ಬರು ಚರ್ಚ್‌ವಾರ್ಡನ್‌ಗಳು ಇರುತ್ತಿದ್ದರು. ಊರಿನ ಗೃಹಸ್ಥರು, ವರ್ಷಕ್ಕೊಮ್ಮೆ ಬದಲು. ಮೇಣ, ಗಂಟೆಯ ಹಗ್ಗ, ಚಾವಣಿಯ ಸೀಸ, ಉಡುಪು ಒಗೆಸಿದ್ದು ಎಲ್ಲಕ್ಕೂ ಅವರೇ ಹೊಣೆ. ಈ ಲೆಕ್ಕಗಳಲ್ಲಿ ಹಲವನ್ನು ಕೌಂಟಿಗಳ ಇತಿಹಾಸ ಸಂಘಗಳು 19–20ನೇ ಶತಮಾನದಲ್ಲಿ ಅಚ್ಚು ಹಾಕಿಸಿವೆ, ಹಳೆಯ ಮುದ್ರಣಗಳ ಸ್ಕ್ಯಾನ್ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅಚ್ಚಾದದ್ದನ್ನೇ ಹಿಡಿಯಿರಿ. ಆ ಕಾಲದ ಸೆಕ್ರೆಟರಿ ಹ್ಯಾಂಡ್ ಎನ್ನುವ ಬರವಣಿಗೆ ಓದಲು ತಿಂಗಳುಗಟ್ಟಲೆ ಕಲಿಯಬೇಕು, ಮೊದಲ ಹೆಜ್ಜೆಗೆ ಆ ಶ್ರಮ ಬೇಡ.

ಆರಿಸುವಾಗ ಒಂದೇ ನಿಯಮ: 1540ರಿಂದ 1565ರವರೆಗೆ ತುಂಡಾಗದೆ ಸಾಗಿದ ಲೆಕ್ಕವಿರಬೇಕು. ಎಡ್ವರ್ಡ್‌ನ ಕಾಲ ಇದ್ದು ಮೇರಿಯದು ಇಲ್ಲದ ಪುಸ್ತಕ ಈ ಕೆಲಸಕ್ಕೆ ಬಾರದು. ಮೊದಲ ಸಲಕ್ಕೆ ಡೆವನ್ ಕೌಂಟಿಯ ಮೋರ್‌ಬಾತ್‌ಗಿಂತ ಒಳ್ಳೆಯದು ಸಿಗಲಾರದು. ಮೂವತ್ತಮೂರು ಮನೆಯ, ಕುರಿ ಸಾಕುವ ಗುಡ್ಡದ ಊರು. ಕ್ರಿಸ್ಟೊಫರ್ ಟ್ರಿಕೆ ಎಂಬ ಒಬ್ಬನೇ ಪಾದ್ರಿ 1520ರಿಂದ 1574ರವರೆಗೆ ಅಲ್ಲಿದ್ದ, ಲೆಕ್ಕವನ್ನೂ ತಾನೇ ಬರೆದ, ಜನರಿಗೆ ಓದಿ ಹೇಳುವ ಧಾಟಿಯಲ್ಲೇ ಬರೆದ. ನಾಲ್ವರು ಅರಸರು ಬಂದುಹೋದರೂ ಕೈಬರಹ ಬದಲಾಗಲಿಲ್ಲ.

ಯಾವ ಅರಸನ ಕಾಲದಲ್ಲಿ ಏನನ್ನು ಹುಡುಕಬೇಕು

ಹೆನ್ರಿಯ ಕಾಲದಲ್ಲಿ ಬಲಿಪೀಠ ಅಲುಗುವುದಿಲ್ಲ. ಇದನ್ನೇ ಮೊದಲು ಮನಗಾಣಬೇಕು. 1534ರ ಸುಪ್ರಿಮಸಿ ಕಾಯಿದೆಯಿಂದ ಅರಸ ಚರ್ಚಿನ ತಲೆಯಾದ. 1536ರಲ್ಲಿ ವರ್ಷಕ್ಕೆ 200 ಪೌಂಡ್‌ಗಿಂತ ಕಡಿಮೆ ಆದಾಯದ ಮಠಗಳು, 1540ರ ಹೊತ್ತಿಗೆ ಉಳಿದವೆಲ್ಲ ಮುಚ್ಚಿದವು. ಹೀಗಿದ್ದರೂ ಊರ ಚರ್ಚಿನಲ್ಲಿ ಬಲಿಪೂಜೆ ಲ್ಯಾಟಿನ್‌ನಲ್ಲೇ ನಡೆದಿತ್ತು. 1539ರ ಆರು ಕಲಮುಗಳ ಕಾಯಿದೆ ಪಾದ್ರಿಗಳ ಮದುವೆಯನ್ನು ನಿಷೇಧಿಸಿತು, ರೊಟ್ಟಿ–ದ್ರಾಕ್ಷಾರಸದ ಹಳೆಯ ಸಿದ್ಧಾಂತವನ್ನು ಅಲ್ಲಗಳೆದವರಿಗೆ ಸುಟ್ಟು ಕೊಲ್ಲುವ ಶಿಕ್ಷೆ ಇಟ್ಟಿತು. ಹೆನ್ರಿಯನ್ನು ಪ್ರೊಟೆಸ್ಟೆಂಟ್ ಎಂದು ಉತ್ತರಪತ್ರಿಕೆಯಲ್ಲಿ ಬರೆಯುವವರು ಈ ಕಾಯಿದೆಯನ್ನು ಮರೆತಿರುತ್ತಾರೆ.

ಲೆಕ್ಕದಲ್ಲಿ ಸಿಗುವುದು 1538ರ ಆಜ್ಞೆಗಳ ಗುರುತು. ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಹೊರಡಿಸಿದ ಈ ಆಜ್ಞೆಯಂತೆ ಪ್ರತಿ ಚರ್ಚಿನಲ್ಲೂ ಇಂಗ್ಲಿಷ್ ಬೈಬಲ್ ಇರಬೇಕು, ಬೆಲೆಯನ್ನು ಪಾದ್ರಿ ಮತ್ತು ಜನ ಅರ್ಧರ್ಧ ಹಂಚಿಕೊಳ್ಳಬೇಕು. ಸಂತರ ಮೂರ್ತಿಗಳ ಮುಂದೆ ದೀಪ ಹಚ್ಚಕೂಡದು. ದೀಕ್ಷಾಸ್ನಾನ, ಮದುವೆ, ಮಣ್ಣುಮಾಡಿದ್ದರ ವಿವರ ವಾರವಾರ ಬರೆಯಬೇಕು. ದೀಪಕ್ಕೆಂದು ಮೇಣ ಕೊಂಡ ಸಾಲು ಯಾವ ವರ್ಷ ನಿಲ್ಲುತ್ತದೆ ನೋಡಿ, ಬೈಬಲ್ ಯಾವ ವರ್ಷ ಬರುತ್ತದೆ ನೋಡಿ. ಬಹಳ ಊರುಗಳು ಬೈಬಲ್ ಕೊಳ್ಳಲು ಮೀನಮೇಷ ಎಣಿಸಿದವು. 1541ರಲ್ಲಿ, ಬೈಬಲ್ ಇಲ್ಲದ ಪ್ಯಾರಿಷ್‌ಗೆ ತಿಂಗಳಿಗೆ 40 ಶಿಲ್ಲಿಂಗ್ ದಂಡ ಎಂದು ಸಾರಿದ ಮೇಲೆ ಸಾಲುಸಾಲಾಗಿ ಕೊಂಡವು. ರಟ್ಟು ಕಟ್ಟದ ಪ್ರತಿಗೆ 10 ಶಿಲ್ಲಿಂಗ್, ಕಟ್ಟಿದ್ದಕ್ಕೆ 12. ಆ ಖರೀದಿಯನ್ನು ಭಕ್ತಿಯ ಲೆಕ್ಕಕ್ಕೆ ಹಾಕುವ ಮೊದಲು ದಂಡದ ತಾರೀಖು ನೋಡಿಕೊಳ್ಳಿ.

ಎಡ್ವರ್ಡ್ ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಹುಡುಗ. ಅವನ ಹೆಸರಿನಲ್ಲಿ ಆಳಿದ್ದು ಮೊದಲು ಸಾಮರ್ಸೆಟ್‌ನ ಡ್ಯೂಕ್, ಆಮೇಲೆ ನಾರ್ತಂಬರ್‌ಲ್ಯಾಂಡ್‌ನ ಡ್ಯೂಕ್. ಇಲ್ಲಿಂದ ಪುಸ್ತಕದ ಪುಟಗಳು ತುಂಬುತ್ತವೆ. 1547–48ರಲ್ಲಿ ಮೂರ್ತಿಗಳನ್ನು ಇಳಿಸಿದ ಕೂಲಿ, ಗೋಡೆಚಿತ್ರದ ಮೇಲೆ ಬಳಿಯಲು ಸುಣ್ಣ, ಬಡವರ ಹುಂಡಿಗೆ ಬೀಗ. ಸತ್ತವರ ಆತ್ಮಕ್ಕಾಗಿ ಬಲಿಪೂಜೆ ಹೇಳಿಸಲು ಬಿಟ್ಟುಹೋದ ದತ್ತಿಗಳನ್ನು ಚಾಂಟ್ರಿ ಕಾಯಿದೆ ಸರಕಾರಕ್ಕೆ ಸೇರಿಸಿತು. 1549ರ ಜೂನ್ 9, ಪೆಂಟೆಕೋಸ್ಟ್ ಭಾನುವಾರದಿಂದ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಕಡ್ಡಾಯ. ಡೆವನ್, ಕಾರ್ನ್‌ವಾಲ್ ಬಂಡೆದ್ದದ್ದು ಆಗಲೇ. ಮೋರ್‌ಬಾತ್ ತನ್ನ ಐವರು ಯುವಕರನ್ನು ಎಕ್ಸೆಟರ್ ಹೊರವಲಯದ ಬಂಡಾಯದ ಬೀಡಿಗೆ ಖರ್ಚುಕೊಟ್ಟು ಕಳಿಸಿತು. ರಾಜದ್ರೋಹದ ವೆಚ್ಚ ಊರ ಲೆಕ್ಕದಲ್ಲಿ ರಾಜಾರೋಷವಾಗಿ ಕುಳಿತಿದೆ!

ನಮ್ಮ ಬಲಿಪೀಠದ ಸರದಿ 1550ರ ನವೆಂಬರ್. ಕಲ್ಲಿನ ಪೀಠ ತೆಗೆದು ಮೇಜು ಇಡಿ ಎಂದು ಬಿಷಪ್‌ಗಳಿಗೆ ಅರಸನ ಆಡಳಿತ ಮಂಡಳಿ ಬರೆಯಿತು. ಲೆಕ್ಕದಲ್ಲಿ ಇದು ಒಂದೇ ಸಾಲಲ್ಲ, ನಾಲ್ಕೈದು ಸಾಲಾಗಿ ಹರಡಿರುತ್ತದೆ: ಕೆಡವಲು ಆಳಿನ ಕೂಲಿ, ಕಲ್ಲುಮಣ್ಣು ಹೊರಗೆ ಹಾಕಿದ್ದು, ಕಿತ್ತ ಜಾಗದ ನೆಲ ಗೋಡೆ ಸರಿಮಾಡಿದ್ದು, ಹಲಗೆ, ಬಡಗಿ. ಪೀಠ ಎಂಬ ಪದವನ್ನಷ್ಟೇ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ. ಸುಣ್ಣ, ಮರಳು, ಹಾಸುಗಲ್ಲು ಎಂಬವನ್ನೂ ಹುಡುಕಿ.

ಇದೇ ವರ್ಷಗಳಲ್ಲಿ ಬೆಳ್ಳಿ ಪಾತ್ರೆ, ಜರತಾರಿ ಉಡುಪು ಮಾರಿದ ಸಾಲುಗಳು ಹೇರಳ. ಊರು ಪ್ರೊಟೆಸ್ಟೆಂಟ್ ಆಯಿತು ಎಂದು ಇದನ್ನು ಓದುವವರು ಬಹಳ. ಕಾರಣ ಬಹುಮಟ್ಟಿಗೆ ಬೇರೆ. ಮಠಗಳಿಗೆ ಆದ ಗತಿ ಜನ ಕಂಡಿದ್ದರು. ಅರಸನ ಆಳುಗಳು ಬಂದು ಪಟ್ಟಿ ಮಾಡುವ ಮೊದಲೇ ಮಾರಿ ದುಡ್ಡು ಮಾಡಿಕೊಂಡರು. ಅವರ ಅಂದಾಜು ಸರಿಯಾಗಿಯೇ ಇತ್ತು. 1552–53ರಲ್ಲಿ ಕಮಿಷನರುಗಳು ಊರೂರಿಗೆ ಬಂದು, ಆರಾಧನೆಗೆ ಅತ್ಯಗತ್ಯವಾದಷ್ಟು ಬಿಟ್ಟು ಮಿಕ್ಕದ್ದನ್ನು ಗುಡಿಸಿಕೊಂಡು ಹೋದರು. ಮಾರಿದ ಹಣ ಎಲ್ಲಿ ಹೋಯಿತು ಎಂಬ ಸಾಲಿಗೂ ಕಣ್ಣುಹಾಯಿಸಿ: ಸೇತುವೆ, ರಸ್ತೆ, ಸೈನಿಕರ ಸಲಕರಣೆ, ಚಾವಣಿ ರಿಪೇರಿ.

ಮೇರಿ ಬಂದಾಗ ಎಲ್ಲ ಹಿಂದುಮುಂದು. 1553ರ ಡಿಸೆಂಬರ್ 20ರಿಂದ ಲ್ಯಾಟಿನ್ ಬಲಿಪೂಜೆ ಮತ್ತೆ ಕಾನೂನು. ಪೋಪ್‌ನ ಜೊತೆ ರಾಜಿಯಾದದ್ದು ಅದಕ್ಕಿಂತ ಸುಮಾರು ಒಂದು ವರ್ಷ ತಡವಾಗಿ, 1554ರ ನವೆಂಬರ್‌ನಲ್ಲಿ. ಈ ಎರಡನ್ನು ಬೇರೆಬೇರೆ ಇಟ್ಟುಕೊಳ್ಳಿ. ಮಠದ ಜಮೀನು ಕೊಂಡಿದ್ದ ಶ್ರೀಮಂತರು ಅದನ್ನು ಬಿಟ್ಟುಕೊಡಲು ಸುತರಾಂ ಒಪ್ಪದ್ದರಿಂದ, ಜಮೀನು ಅವರಲ್ಲೇ ಇರಲಿ ಎಂದ ಮೇಲೆಯೇ ರಾಜಿ ಕುದುರಿತು.

ಲೆಕ್ಕದಲ್ಲಿ ಕಲ್ಲಿನ ಪೀಠ ಮರಳುತ್ತದೆ, ಲ್ಯಾಟಿನ್ ಪುಸ್ತಕ, ಉಡುಪು, ಧೂಪದ ಪಾತ್ರೆ ಕೊಳ್ಳಬೇಕಾಗುತ್ತದೆ. ಮಾರುವಾಗ ಸಿಕ್ಕ ಬೆಲೆಯ ಪಕ್ಕದಲ್ಲಿ ಮತ್ತೆ ಕೊಳ್ಳುವಾಗ ಕೊಟ್ಟ ಬೆಲೆ ಬರೆದುಕೊಳ್ಳಿ. ಕೆಲವು ವಸ್ತು ದುಡ್ಡಿಲ್ಲದೆ ಬರುತ್ತವೆ: ಮೋರ್‌ಬಾತ್‌ನಲ್ಲಿ ಮನೆಗಳಲ್ಲಿ ಬಚ್ಚಿಟ್ಟದ್ದನ್ನು ಜನರೇ ತಂದು ಕೊಟ್ಟರು. ಇಂಥ ಸಾಲು ಕಂಡರೆ ಅದಕ್ಕೆ ನಕ್ಷತ್ರದ ಗುರುತು ಹಾಕಿ, ಏಕೆಂದರೆ ಆಜ್ಞೆ ಪಾಲಿಸಿದ್ದಕ್ಕಿಂತ ಹೆಚ್ಚಿನದನ್ನು ಅದು ಹೇಳುತ್ತದೆ. ಕೆತ್ತಿದ ಮೂರ್ತಿಗೆ ಹಣವಿಲ್ಲದ ಕಡೆ ಬಣ್ಣದ ಚಿತ್ರದಲ್ಲೇ ಸುಧಾರಿಸಿದರು. ನಾರ್ಫೋಕ್‌ನ ಲಡಮ್ ಚರ್ಚಿನಲ್ಲಿ ಮೇರಿಯ ಕಾಲದ್ದೆಂದು ಎಣಿಸಲಾದ ಶಿಲುಬೆಯ ದೃಶ್ಯದ ಚಿತ್ರವಿದೆ. ಅದರ ಬೆನ್ನಿಗೇ ಎಲಿಜಬೆತಳ ರಾಜಲಾಂಛನ.

ಮೇರಿಯ ಕಾಲದಲ್ಲಿ ಸುಟ್ಟು ಕೊಂದ ಪ್ರೊಟೆಸ್ಟೆಂಟರ ಸಂಗತಿ ಊರ ಲೆಕ್ಕದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. 1555ರ ಫೆಬ್ರವರಿಯಿಂದ 1558ರ ನವೆಂಬರ್‌ವರೆಗೆ ಸುಮಾರು 280 ಜನ ಸತ್ತರು, ಹೆಚ್ಚಿನವರು ಲಂಡನ್, ಎಸೆಕ್ಸ್, ಕೆಂಟ್, ಸಸೆಕ್ಸ್ ಕಡೆಯವರು. ಪಶ್ಚಿಮ, ಉತ್ತರದ ಊರುಗಳಲ್ಲಿ ಇದರ ಸುಳಿವೇ ಇಲ್ಲದಿರಬಹುದು. ಸುಳಿವಿಲ್ಲ ಎಂದು ಘಟನೆ ಚಿಕ್ಕದಲ್ಲ; ಎಸೆಕ್ಸ್‌ನ ಅನುಭವವನ್ನು ಡೆವನ್‌ಗೆ ಅಂಟಿಸಬಾರದು, ಅಷ್ಟೇ.

ಎಲಿಜಬೆತಳ 1559ರ ಎರಡು ಕಾಯಿದೆಗಳಲ್ಲಿ ಒಂದು ಅವಳನ್ನು ಚರ್ಚಿನ ಪರಮ ಆಡಳಿತಗಾರ್ತಿ ಮಾಡಿತು, ಇನ್ನೊಂದು ಜೂನ್ 24ರಿಂದ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ತಂದಿತು. ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ಸ್ ದಂಡ. ಪೀಠ ತೆಗೆಯುವುದಾದರೆ ಪಾದ್ರಿ ಮತ್ತು ವಾರ್ಡನ್‌ಗಳ ಮೇಲ್ವಿಚಾರಣೆಯಲ್ಲೇ ಆಗಲಿ, ಗದ್ದಲ ಬೇಡ ಎಂದು ಆಜ್ಞೆ ಹೇಳಿತು. ಮೇಜನ್ನು ಪೀಠವಿದ್ದ ಜಾಗದಲ್ಲೇ ಇಟ್ಟು, ಪ್ರಭು ಭೋಜನದ ಹೊತ್ತಿಗೆ ಈಚೆ ತರಬೇಕಿತ್ತು. ಜನ ನಿಲ್ಲುವ ಭಾಗಕ್ಕೂ ಪೀಠದ ಭಾಗಕ್ಕೂ ನಡುವೆ ಮರದ ಅಡ್ಡತೆರೆ, ಅದರ ಮೇಲೆ ಶಿಲುಬೆಯ ಅಟ್ಟ ಇರುತ್ತಿತ್ತು. 1561ರಲ್ಲಿ ಆ ಅಟ್ಟವನ್ನು ತೊಲೆಯವರೆಗೆ ಇಳಿಸಿ, ಕೆಳಗಿನ ಅಡ್ಡತೆರೆ ಉಳಿಸಿ ಎಂದು ಇನ್ನೊಂದು ಆಜ್ಞೆ.

ಈ ಸಲ ಊರುಗಳು ನಿಧಾನ. ಪೀಠದ ಕೆಲಸ ಬೇಗ ಮುಗಿದರೂ ಉಡುಪು, ಬೆಳ್ಳಿ ಬಟ್ಟಲು ಎಷ್ಟೋ ಕಡೆ 1560ರ ದಶಕದ ಕೊನೆಯವರೆಗೆ ಪೆಟ್ಟಿಗೆಯಲ್ಲೇ ಕುಳಿತವು. ಹನ್ನೆರಡು ವರ್ಷದಲ್ಲಿ ಎರಡು ಸಲ ಕೈಸುಟ್ಟುಕೊಂಡವರು ಮೂರನೆಯ ಸಲ ಅವಸರಪಡುವುದಿಲ್ಲ. ಅದೂ ಅಲ್ಲದೆ 1562ರ ಅಕ್ಟೋಬರ್‌ನಲ್ಲಿ ರಾಣಿ ಸಿಡುಬಿನಿಂದ ಸಾಯುವ ಸ್ಥಿತಿಗೆ ಹೋಗಿ ಬಂದಳು, ಮದುವೆಯಾಗಿರಲಿಲ್ಲ, ವಾರಸುದಾರರಿರಲಿಲ್ಲ. 1566ರಲ್ಲಿ ಲಿಂಕನ್‌ಷೈರ್‌ನ ಚರ್ಚುಗಳಿಂದ ತರಿಸಿಕೊಂಡ ವರದಿಯಲ್ಲಿ, ಕಿತ್ತ ಪೀಠಶಿಲೆಗಳು ನೆಲಕ್ಕೆ ಹಾಸಾದದ್ದು, ಕಾಲುಸಂಕವಾದದ್ದು ಎಲ್ಲ ಒಂದೊಂದು ಊರಿನ ಹೆಸರಿನಡಿ ದಾಖಲಾಗಿದೆ. ಪಾದ್ರಿಯೊಬ್ಬನೇ ಕುಡಿಯುತ್ತಿದ್ದ ಪುಟ್ಟ ಬಟ್ಟಲನ್ನು ಕರಗಿಸಿ, ಎಲ್ಲರೂ ಕುಡಿಯುವ ದೊಡ್ಡ ಲೋಟ ಮಾಡಿಸಿದ ಖರ್ಚು 1560–70ರ ದಶಕಗಳಲ್ಲಿ ಬರುತ್ತದೆ. ಆ ಸಾಲು ಬಂದಿತೆಂದರೆ ಹಳೆಯದು ಮರಳುತ್ತದೆಂಬ ಆಸೆಯನ್ನು ಊರು ಕೈಬಿಟ್ಟಿದೆ ಎಂದು ತಿಳಿಯಬಹುದು.

ಕಟ್ಟಡವನ್ನೇ ನೋಡಲು ಹೋದರೆ

ಇಂಗ್ಲೆಂಡಿನಲ್ಲಿರುವವರಿಗೆ ಇದು ಸುಲಭ, ಹಳ್ಳಿ ಚರ್ಚುಗಳು ಹಗಲು ಹೆಚ್ಚಾಗಿ ತೆರೆದೇ ಇರುತ್ತವೆ. ಒಂದು ಟಾರ್ಚ್, ಒಂದು ದುರ್ಬೀನು ಒಯ್ಯಿರಿ.

ಒಳಗೆ ಹೋದೊಡನೆ ನೆಲ ನೋಡಿ. ಉದ್ದನೆಯ ದಪ್ಪ ಚಪ್ಪಡಿಯ ಮೇಲೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಪುಟ್ಟ ಶಿಲುಬೆ ಕೊರೆದಿದ್ದರೆ ಅದು ಪೀಠಶಿಲೆ. ತುಳಿದು ಸವೆದಿರುತ್ತದೆ, ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದರೆ ಗೆರೆ ಮೂಡುತ್ತದೆ. ದಕ್ಷಿಣದ ಗೋಡೆಯಲ್ಲಿ ತೂತಿರುವ ಕಲ್ಲಿನ ಬೋಗುಣಿ ಕಂಡರೆ ಅದರ ಪಕ್ಕ ಹಿಂದೆ ಒಂದು ಪೀಠವಿತ್ತು. ಬಟ್ಟಲು ತೊಳೆದ ನೀರು ಅಲ್ಲಿ ಇಳಿಯುತ್ತಿತ್ತು. ಇಂಥ ಬೋಗುಣಿ ಎಷ್ಟಿವೆ ಎಣಿಸಿ. ಗೋಡೆಯ ಮೇಲ್ಭಾಗದಲ್ಲಿ ಎಲ್ಲಿಗೂ ಹೋಗದ ಬಾಗಿಲಿದ್ದರೆ ಅದು ಶಿಲುಬೆಯ ಅಟ್ಟಕ್ಕೆ ಹತ್ತುವ ಮೆಟ್ಟಿಲಿನ ಬಾಗಿಲು. ಅಡ್ಡತೆರೆಯ ಕೆಳಹಲಗೆಗಳಲ್ಲಿ ಸಂತರ ಮುಖ ಮಾತ್ರ ಕೆರೆದಿರುವುದು ಸಾಮಾನ್ಯ. ನಾರ್ಫೋಕ್‌ನ ಬಿನ್‌ಹ್ಯಾಮ್‌ನಲ್ಲಿ ಸಂತರ ಮೇಲೆ ಬಿಳಿ ಬಳಿದು ಇಂಗ್ಲಿಷ್ ಬೈಬಲಿನ ವಾಕ್ಯ ಬರೆದಿದ್ದಾರೆ. ಈಗ ಬಣ್ಣ ಉದುರಿ ಅಕ್ಷರಗಳ ನಡುವಿನಿಂದ ಸಂತರು ಇಣುಕುತ್ತಾರೆ. ಸುಣ್ಣದ ಗೋಡೆಯನ್ನು ಉಗುರಿನಿಂದ ಕೆರೆಯಬೇಡಿ, ಅಡಿಯಲ್ಲಿ ಚಿತ್ರವಿರಬಹುದು. ಸಾಲ್ಸ್‌ಬರಿಯ ಸೇಂಟ್ ಥಾಮಸ್ ಚರ್ಚಿನ ಅಂತಿಮ ತೀರ್ಪಿನ ದೊಡ್ಡ ಚಿತ್ರಕ್ಕೆ ಸುಣ್ಣ ಬಿದ್ದದ್ದು 1593ರಲ್ಲಿ, ಹೊರಬಂದದ್ದು 19ನೇ ಶತಮಾನದಲ್ಲಿ.

ಕಂಡ ಒಡಕನ್ನೆಲ್ಲ ಟ್ಯೂಡರ್ ಲೆಕ್ಕಕ್ಕೆ ಬರೆಯಬೇಡಿ. "ಇದನ್ನು ಕ್ರಾಮ್ವೆಲ್ ಒಡೆಸಿದ" ಎಂದು ಸ್ಥಳೀಯರು ಹೇಳಿದರೆ ಯಾವ ಕ್ರಾಮ್ವೆಲ್ ಎಂದು ಕೇಳಿ. ಥಾಮಸ್‌ನ ತಲೆ 1540ರಲ್ಲೇ ಉರುಳಿತ್ತು, 17ನೇ ಶತಮಾನದ ಅಂತರ್ಯುದ್ಧದ ನಾಯಕ ಆಲಿವರ್ ಹುಟ್ಟಿದ್ದು 1599ರಲ್ಲಿ. ಸಫೋಕ್, ಕೇಂಬ್ರಿಡ್ಜ್‌ಷೈರ್‌ನಲ್ಲಿ ಕಿಟಕಿ ಒಡೆದ, ದೇವದೂತರನ್ನು ಇಳಿಸಿದ ಕೆಲಸದಲ್ಲಿ ಬಹುಪಾಲು ಅದೇ ಅಂತರ್ಯುದ್ಧದಲ್ಲಿ ಸಂಸತ್ತಿನ ಕಡೆಯಿಂದ ಬಂದ ವಿಲಿಯಂ ಡೌಸಿಂಗ್‌ನದು, 1643–44ರದು. ಮೇಜಿನ ಮುಂದಿನ ಕಟಕಟೆ ಆರ್ಚ್‌ಬಿಷಪ್ ಲಾಡ್‌ನ 1630ರ ದಶಕದ ರೂಢಿ. ಹೊಳೆಯುವ ಬಣ್ಣದ ಹೆಂಚು, ಅಚ್ಚುಕಟ್ಟಾದ ಶಿಲುಬೆಯ ಅಡ್ಡತೆರೆ, ಗಾಢ ಬಣ್ಣದ ಗಾಜು ಕಂಡರೆ ಮೊದಲ ಅನುಮಾನ ವಿಕ್ಟೋರಿಯಾ ಕಾಲದ ಜೀರ್ಣೋದ್ಧಾರದ ಮೇಲಿರಲಿ.

ರಿಜಿಸ್ಟರು, ಉಯಿಲು

1538ರ ಆಜ್ಞೆ ಇದ್ದರೂ ಎಷ್ಟೋ ಊರಿನ ರಿಜಿಸ್ಟರು 1558ರಿಂದಲೇ ಶುರು. ಕಾಗದದ ಹಳೆಯ ಪುಸ್ತಕಗಳನ್ನು ಚರ್ಮದ ಹಾಳೆಗೆ ನಕಲಿಸಿ, ವಿಶೇಷವಾಗಿ ರಾಣಿಯ ಮೊದಲ ವರ್ಷದಿಂದ, ಎಂದು 1598ರಲ್ಲಿ ಅಪ್ಪಣೆಯಾಯಿತು. ಹಲವರು "ವಿಶೇಷವಾಗಿ" ಎಂಬುದನ್ನು ಅನುಕೂಲಕ್ಕೆ ತಕ್ಕಂತೆ ಓದಿಕೊಂಡು ಹಿಂದಿನದನ್ನು ಕೈಬಿಟ್ಟರು.

ಉಯಿಲಿನ ಮೊದಲ ಸಾಲು ಆತ್ಮವನ್ನು ಯಾರಿಗೆ ಒಪ್ಪಿಸುತ್ತದೆ ಎಂಬುದರಿಂದ ನಂಬಿಕೆ ಅಳೆಯುವ ಪದ್ಧತಿ ಇದೆ. ದೇವರು, ಮಾತೆ ಮರಿಯಮ್ಮ, ಸ್ವರ್ಗದ ಸಕಲ ಸಂತರಿಗೆ ಎಂದರೆ ಹಳೆಯ ಬಗೆ. ಕ್ರಿಸ್ತನ ಮರಣದ ಪುಣ್ಯದಿಂದ ಮಾತ್ರ ರಕ್ಷಣೆ ಎಂದರೆ ಪ್ರೊಟೆಸ್ಟೆಂಟ್. ಸೃಷ್ಟಿಕರ್ತನಿಗೆ ಎಂದಷ್ಟೇ ಇದ್ದರೆ ಯಾವ ಕಡೆಯೂ ಅಲ್ಲ. ಇದನ್ನು ಒಂಟಿಯಾಗಿ ನಂಬಬೇಡಿ. ಸಾಯುವವರ ಹಾಸಿಗೆಯ ಪಕ್ಕ ಕುಳಿತು ಬರೆದವನು ಬಹುಪಾಲು ಪಾದ್ರಿಯೋ ಗುಮಾಸ್ತನೋ. ಒಂದೇ ಕೈಯಲ್ಲಿ ಬರೆದ ಉಯಿಲುಗಳನ್ನು ಸೇರಿಸಿಟ್ಟು, ಮೊದಲ ಸಾಲು ಎಲ್ಲದರಲ್ಲೂ ಒಂದೇ ಇದ್ದರೆ ಅದನ್ನು ಬರೆದವನ ನಂಬಿಕೆ ಎಂದು ಬದಿಗಿಡಿ. ಕೆಳಗೆ ಹಣ ಯಾವುದಕ್ಕೆ ಬಿಟ್ಟಿದ್ದಾರೆ ನೋಡಿ: ದೀಪಕ್ಕೆ, ಆತ್ಮಶಾಂತಿಯ ಪೂಜೆಗೆ, ಬಡವರ ಹುಂಡಿಗೆ, ರಸ್ತೆಗೆ, ಧರ್ಮಪ್ರವಚನಕ್ಕೆ. ಕಾನೂನು ನಿಷೇಧಿಸಿದ್ದಕ್ಕೆ ಹಣ ಬಿಡಲಾಗದು ಎಂಬುದೂ ನೆನಪಿರಲಿ. ಎಡ್ವರ್ಡ್‌ನ ಕಾಲದಲ್ಲಿ ದೀಪಕ್ಕೆ ಹಣವಿಲ್ಲದ್ದು ಏನನ್ನೂ ಸಾಬೀತು ಮಾಡದು. ಮೇರಿಯ ಐದು ವರ್ಷದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಆಗ ಎಷ್ಟು ಜನ ಬಿಟ್ಟರು ಎಂಬುದನ್ನು 1530ರ ಹಿಂದಿನ ಸಂಖ್ಯೆಯ ಜೊತೆ ಹೋಲಿಸಿದರೆ ಉತ್ತರ ಹೆಚ್ಚು ಗಟ್ಟಿ.

ಎಲ್ಲವನ್ನೂ ಐದು ಕಾಲಮಿನ ಒಂದು ಹಾಳೆಗೆ ಇಳಿಸಿ: ಆಜ್ಞೆಯ ತಾರೀಖು, ಊರು ಪಾಲಿಸಿದ ತಾರೀಖು, ನಡುವಿನ ತಿಂಗಳು, ಖರ್ಚು, ದುಡ್ಡು ಬಂದ ಮೂಲ. ಮೂರನೇ ಕಾಲಮನ್ನು ಅರಸನಿಂದ ಅರಸನಿಗೆ ಹೋಲಿಸಿ. ಒಂದು ಊರು ಮುಗಿದ ಮೇಲೆ ಲಂಡನ್‌ನದೋ ಕೆಂಟ್‌ನದೋ ಇನ್ನೊಂದು ಪ್ಯಾರಿಷ್ ತೆಗೆದುಕೊಂಡು, ಅದೇ ಕಾಲಮುಗಳನ್ನು ಮೊದಲ ಊರಿನ ಪಕ್ಕದಲ್ಲೇ ತುಂಬುತ್ತಾ ಹೋಗಿ.